ಮಡಿ ಪೆಟ್ಟಿಗೆಯೊಳಗೆ ಒಂದು ಕೊಳೆ ಅಂಗಿ

ಬೆಳ್ಳಾರೆ, ಬುಧವಾರ

ಆ ಬುಧವಾರ ಸಂಜೆ ನನ್ನ ಗಂಡ ಮೂರು ದಿನ ಮೈಮೇಲಿದ್ದ ಅಂಗಿಯನ್ನು ಬಿಚ್ಚಿ, ರಬ್ಬರ್ ಶೀಟ್ ಒಣಗಿಸುವ ಹೊಗೆಗೂಡಿನ ಹಿಂದಿನ ಮೊಳೆಗೆ ಸಿಕ್ಕಿಸಿದರು. ಸಿಕ್ಕಿಸಿ, ನನ್ನ ಕಡೆ ಬೆರಳು ತೋರಿಸಿದರು.

"ಇದನ್ನು ಒಗೀಲಿಕ್ಕೆ ಹಾಕ್ಬೇಡ. ನಾಳೆ ಬೇಲಿಗೆ ಕಟ್ಟುದು."

"ಹಂದಿ ಓಡುದು ಮತ್ತೆ. ಮೊದಲು ನಾನು ಓಡ್ತೇನೆ."

"ಓಡು, ಓಡು. ಸುಳ್ಯದ ಬಸ್ಸು ಐದೂವರೆಗೆ ಉಂಟು."

ಇದು ನಾವು ಆಡಿದ ಕೊನೆಯ ಮಾತಲ್ಲ. ಕೊನೆಯ ಮಾತು ಮರುದಿನ ಬೆಳಿಗ್ಗೆ ಅವರು ಹೇಳಿದ "ಈ ಟಾರ್ಚಿಗೆ ಸೆಲ್ ಹಾಕ್ಲಿಲ್ವಾ?" ಎಂಬುದು. ನಾನು ಹಾಕಿರಲಿಲ್ಲ.

ಅಂಗಿಯ ವಿಷಯ ಹೇಳಬೇಕು. ನಮ್ಮದು ಬೆಳ್ಳಾರೆಯಿಂದ ಸ್ವಲ್ಪ ಒಳಗೆ ಮುನ್ನೂರು ರಬ್ಬರ್ ಮರ, ಅದರ ಕೆಳಗಿನ ಇಳಿಜಾರಿನಲ್ಲಿ ಒಂದಿಷ್ಟು ಮರಗೆಣಸು. ಮರಗೆಣಸು ನೆಡುವುದು ನಾವು, ತಿನ್ನುವುದು ಕಾಡುಹಂದಿ. ಅದನ್ನು ತಡೆಯಲು ಊರಿನವರು ಮಾಡದ ಉಪಾಯವಿಲ್ಲ. ಬೆಳ್ಳಾರೆಯ ಕ್ಷೌರದ ಅಂಗಡಿಯಿಂದ ಗೋಣಿಯಲ್ಲಿ ಕೂದಲು ತಂದು ಬೇಲಿಯುದ್ದಕ್ಕೂ ಚೆಲ್ಲುವವರಿದ್ದಾರೆ. ಬೆವರಿದ ಬಟ್ಟೆ ಕಟ್ಟುವವರಿದ್ದಾರೆ. ಮನುಷ್ಯನ ವಾಸನೆ ಮೂಗಿಗೆ ಬಡಿದರೆ ಹಂದಿ ಹತ್ತಿರ ಬರುವುದಿಲ್ಲ ಎಂಬುದು ಲೆಕ್ಕ. ನಮ್ಮ ಇವರು ಕೂದಲಿಗೆ ಹೋಗಲಿಲ್ಲ. ಊರವರ ಕೂದಲು ಯಾಕೆ, ನನ್ನ ಅಂಗಿ ಸಾಕು ಎನ್ನುತ್ತಿದ್ದರು. ಸಾಕಾಗುತ್ತಿತ್ತು.

ಯಾಕೆಂದರೆ ನನ್ನ ಗಂಡ ನಾರುತ್ತಿದ್ದರು. ಸತ್ತವರ ಬಗ್ಗೆ ಹೀಗೆ ಬರೆಯಬಾರದಂತೆ. ಬದುಕಿದ್ದಾಗ ಎದುರಿಗೇ ಹೇಳುತ್ತಿದ್ದೆ, ಈಗ ಯಾಕೆ ಮುಚ್ಚಿಡಲಿ? ರಬ್ಬರ್ ಹಾಲು ಹುಳಿಯಾದ ವಾಸನೆ, ಅದನ್ನು ಗಟ್ಟಿ ಮಾಡಲು ಹಾಕುವ ಆಸಿಡ್, ಹೊಗೆಗೂಡಿನ ಹೊಗೆ, ತೆಂಗಿನೆಣ್ಣೆ, ಬಾಯಿಯ ಎಲೆಅಡಿಕೆ, ಎಲ್ಲದರ ಕೆಳಗೆ ಬೆವರು. ಶೀಟ್ ಮಾರಿ ಬೆಳ್ಳಾರೆಯಿಂದ ಬಸ್ ಹತ್ತಿದರೆ ಇವರಿಗೆ ಸೀಟು ಸಿಗದ ದಿನವಿಲ್ಲ. ಪಕ್ಕದವರು ತಾವಾಗಿ ಎದ್ದು ಮುಂದೆ ಹೋಗುತ್ತಿದ್ದರು. "ನನಗೆ ಎಷ್ಟು ಮರ್ಯಾದೆ ನೋಡು" ಎಂದು ಇವರು ಕಾಲು ಚಾಚಿ ಕೂರುತ್ತಿದ್ದರು. ನಾನು ಹೆಂಗಸರ ಸೀಟಿನಲ್ಲಿ ಕುಳಿತು ಪರಿಚಯವೇ ಇಲ್ಲದವಳ ಹಾಗೆ ಹೊರಗೆ ನೋಡುತ್ತಿದ್ದೆ.

ಗುರುವಾರ ಬೆಳಿಗ್ಗೆ ರಬ್ಬರ್ ಹಾಲು ತೆಗೆಯಲು ಹೋದವರು ಒಂದು ಮರದ ಬುಡದಲ್ಲಿ ಕುಳಿತುಬಿಟ್ಟಿದ್ದರು. ಪಕ್ಕದ ಮನೆಯ ಐತ್ತಪ್ಪಣ್ಣ ನೋಡಿದ್ದು. ಸುಳ್ಯಕ್ಕೆ ಕೊಂಡುಹೋಗುವಷ್ಟರಲ್ಲಿ ಆಗಿಹೋಗಿತ್ತು. ಹೃದಯ ಎಂದರು.

ಆಮೇಲೆ ನಾದಿನಿಯರು ಬಂದರು. ಸೂತಕದ ಮನೆ ಎಂದು ಕೈಗೆ ಸಿಕ್ಕಿದ್ದನ್ನೆಲ್ಲ ಒಗೆದರು. ಲುಂಗಿ, ಪಂಚೆ, ಮೈ ಒರೆಸುವ ಬೈರಾಸು, ಹೊದಿಕೆ, ದಿಂಬಿನ ಚೀಲ. ಹೂವಿನ ಪರಿಮಳದ ಪೌಡರ್ ಹಾಕಿ ಒಗೆದರು. ಹದಿನಾರನೆಯ ದಿನಕ್ಕೆ ಮನೆ ಮದುವೆ ಮನೆಯ ಹಾಗೆ ಘಮಘಮ ಎನ್ನುತ್ತಿತ್ತು. ಮೂವತ್ತೊಂದು ವರ್ಷ ಯಾವ ವಾಸನೆಗೆ ನಾನು ಮೂಗು ಮುಚ್ಚಿದ್ದೆನೋ ಅದು ಇಡೀ ಮನೆಯಲ್ಲಿ ಎಲ್ಲೂ ಇರಲಿಲ್ಲ. ಹೊಗೆಗೂಡಿನ ಹಿಂದೆ ಯಾರೂ ಹೋಗಿರಲಿಲ್ಲವಾದ್ದರಿಂದ ಮೊಳೆಯ ಅಂಗಿ ಮಾತ್ರ ಉಳಿದಿತ್ತು. ನಾನು ಅದನ್ನು ದಪ್ಪ ಪ್ಲಾಸ್ಟಿಕ್ ಕವರಿಗೆ ಹಾಕಿ ಬಾಯಿ ಕಟ್ಟಿದೆ. ವಾರಕ್ಕೊಮ್ಮೆ ಬಿಚ್ಚಿ ಒಂದು ಸಲ ಮೂಸಿ ಮತ್ತೆ ಕಟ್ಟುತ್ತಿದ್ದೆ. ನಮಗೆ ಮಕ್ಕಳಿಲ್ಲ. ಹಾಗಾಗಿ ಈ ಹುಚ್ಚಿಗೆ ಬೈಯುವವರೂ ಮನೆಯಲ್ಲಿರಲಿಲ್ಲ.

ಒಂಬತ್ತು ತಿಂಗಳಾದ ಮೇಲೆ ತಂಗಿ ಲೀಲಾ ಕೆನಡಾದಿಂದ ಟಿಕೆಟ್ ಕಳಿಸಿದಳು. ಅವಳು ನರ್ಸ್. ಅಲ್ಲಿಯವನನ್ನೇ ಮದುವೆಯಾಗಿ ಹನ್ನೆರಡು ವರ್ಷವಾಯಿತು. ಇವರು ತೀರಿಹೋದಾಗ ಅವಳಿಗೆ ಬರಲು ಆಗಿರಲಿಲ್ಲ. ಫೋನಿನಲ್ಲಿ ಅತ್ತಿರಲೂ ಇಲ್ಲ. "ಬಾ ಅಕ್ಕ, ಎರಡು ತಿಂಗಳು ಇದ್ದು ಹೋಗು" ಎಂದಳು ಅಷ್ಟೆ. ರಬ್ಬರನ್ನು ಐತ್ತಪ್ಪಣ್ಣನಿಗೆ ಒಪ್ಪಿಸಿ ಹೊರಟೆ. ಮರಗೆಣಸನ್ನು ಹಂದಿಗೆ ಒಪ್ಪಿಸಿದೆ. ಅಂಗಿಯ ಕವರು ಪೆಟ್ಟಿಗೆಯ ಅಡಿಗೆ ಹೋಯಿತು.

ಟೊರೊಂಟೊ, ನಾಯಿಯ ಎದುರು

ನಾನು ಹಪ್ಪಳಕ್ಕೆ ಹೆದರಿದ್ದೆ. ಹಲಸಿನ ಹಪ್ಪಳ ಬಿಡುತ್ತಾರೋ ಇಲ್ಲವೋ ಎಂದು ವಿಮಾನದಲ್ಲಿ ಉದ್ದಕ್ಕೂ ಅದೇ ಚಿಂತೆ. ವಿಮಾನ ನಿಲ್ದಾಣದಲ್ಲಿ ಸಾಮಾನು ಮೂಸಲು ಒಂದು ನಾಯಿಯನ್ನು ಇಟ್ಟಿದ್ದಾರೆ. ನಮ್ಮ ಊರಿನ ನಾಯಿಗಳ ಅರ್ಧ ಎತ್ತರ, ಮೈಮೇಲೆ ಹಸಿರು ಕೋಟು, ಮುಖದಲ್ಲಿ ಗ್ರಾಮಕರಣಿಕರ ಗಾಂಭೀರ್ಯ. ಅದು ಹಪ್ಪಳದ ಚೀಲ ದಾಟಿ, ಉಪ್ಪಿನಕಾಯಿ ದಾಟಿ, ನನ್ನ ದೊಡ್ಡ ಪೆಟ್ಟಿಗೆಯ ಎದುರು ಕುಳಿತುಕೊಂಡಿತು. ಕುಳಿತರೆ ಹಿಡಿದಿದೆ ಎಂದು ಅರ್ಥವಂತೆ.

ಅಧಿಕಾರಿ ಕೈಗೆ ಗವಸು ಹಾಕಿ ಪೆಟ್ಟಿಗೆ ಬಿಚ್ಚಿದ. ಕವರು ಹೊರಗೆ ಬಂತು. ನನ್ನ ಗಂಟನ್ನು ಬಿಚ್ಚಲು ಬಾರದೆ ಎಳೆದು ಹರಿದ. ಅಂಗಿಯನ್ನು ಎರಡು ಬೆರಳಿನಲ್ಲಿ ಎತ್ತಿ ಹಿಡಿದು, ತಲೆಯನ್ನು ಹಿಂದಕ್ಕೆ ಎಳೆದುಕೊಂಡ. ಬೆಳ್ಳಾರೆ ಬಸ್ಸಿನಲ್ಲಿ ಎಷ್ಟೋ ಜನ ಹಾಗೆ ತಲೆ ಎಳೆದುಕೊಂಡದ್ದನ್ನು ನೋಡಿದ್ದೇನೆ. ದೇಶ ಬದಲಾದರೂ ಇವರ ಮರ್ಯಾದೆ ಕಡಿಮೆಯಾಗಿರಲಿಲ್ಲ.

"ಇದು ಯಾರದ್ದು?" ಎಂದು ಕೇಳಿದ.

ಹತ್ತನೇ ಕ್ಲಾಸಿನ ಇಂಗ್ಲಿಷಿನಲ್ಲಿ ಗಂಡನದು ಎಂದೆ. ಗಂಡ ಎಲ್ಲಿ ಎಂದ. ಇಲ್ಲ ಎಂದೆ. ತೋಟದಲ್ಲಿ ಹಾಕಿದ್ದೋ ಎಂದ. ಹೌದು ಎಂದೆ. ಅವರಿಗೆ ತೋಟದ ಮಣ್ಣು ದೇಶದೊಳಗೆ ಬರಬಾರದಂತೆ. ದೀಪದ ಕೆಳಗೆ ಅಂಗಿಯನ್ನು ಅತ್ತಿತ್ತ ತಿರುಗಿಸಿ ಮಣ್ಣು ಹುಡುಕಿದ. ಮಣ್ಣಿರಲಿಲ್ಲ, ರಬ್ಬರ್ ಹಾಲಿನ ಕಲೆ ಮಾತ್ರ. ಒಗೆಯದೆ ಯಾಕೆ ತಂದೆ ಎಂದು ಅವನು ಕೇಳಲಿಲ್ಲ. ಕೇಳಿದ್ದರೆ ಹೇಳುವಷ್ಟು ಇಂಗ್ಲಿಷ್ ನನ್ನಲ್ಲಿರಲಿಲ್ಲ. ಅಂಗಿಯನ್ನು ಹರಿದ ಕವರಿಗೆ ತುರುಕಿ ಕೊಟ್ಟ. ನಾಯಿ ಮಾತ್ರ ಎದ್ದು ಹೋಗುವಾಗ ಎರಡು ಸಲ ಹಿಂದೆ ತಿರುಗಿ ನೋಡಿತು.

ಲೀಲಾಳ ಮನೆ, ವ್ರತದ ಕಾಲ

ಅಲ್ಲಿಂದ ಮೂರು ಗಂಟೆ ದಾರಿ. ಲೀಲಾಳ ಊರಿನಲ್ಲಿ ಬೀದಿ ಇದೆ, ಮನೆಗಳಿವೆ, ಜನ ಮಾತ್ರ ಕಾಣಿಸುವುದಿಲ್ಲ. ಬಾಗಿಲಲ್ಲಿ ಅವಳ ಗಂಡ ಗ್ಲೆನ್ ನಿಂತಿದ್ದ. ಶಾಲೆಯ ಬಸ್ಸು ಓಡಿಸುವವನು. ತೆಂಗಿನ ಮರದಷ್ಟು ಎತ್ತರ, ಕೆಂಪು ಗಡ್ಡ. ಕನ್ನಡದಲ್ಲಿ ಅವನಿಗೆ ಮೂರು ಶಬ್ದ ಗೊತ್ತು: ಅಕ್ಕ, ಸಾಕು, ಬೇಡ. ಅಷ್ಟರಲ್ಲಿ ನಮ್ಮ ಕಡೆ ಒಂದು ಸಂಸಾರವನ್ನೇ ನಡೆಸಬಹುದು.

"ಅಕ್ಕ" ಎಂದು ಕೈ ಮುಗಿದ. ಆಮೇಲೆ ನನ್ನ ತಲೆಯ ಹತ್ತಿರ ಗಾಳಿಯನ್ನು ಸಣ್ಣಗೆ ಮೂಸಿ ಲೀಲಾಳ ಕಿವಿಯಲ್ಲಿ ಏನೋ ಹೇಳಿದ.

"ಎಂತ ಹೇಳುದು ಅವನು?"

"ತೆಂಗಿನೆಣ್ಣೆ ಹಾಕ್ತಿಯಾ ಅಂತ ಕೇಳುದು. ಬೇಜಾರು ಮಾಡ್ಬೇಡ ಮಾರಾಯ್ತಿ. ಈಗ ಅವನ ಸೀಸನ್. ಅವನಿಗೆ ತಲೆ ಸರಿ ಇಲ್ಲ." (ನಾವು ಅಕ್ಕತಂಗಿಯರು ಮಾತಾಡುವುದು ಸುಳ್ಯದ ಕಡೆಯ ಅರೆಭಾಷೆ. ಇಲ್ಲಿ ಎಲ್ಲರಿಗೂ ತಿಳಿಯುವ ಹಾಗೆ ಬರೆದಿದ್ದೇನೆ.)

ಸೀಸನ್ ಎಂದರೆ ಜಿಂಕೆ ಬೇಟೆಯ ಕಾಲ. ಅಲ್ಲಿ ಅದಕ್ಕೆ ಸರಕಾರವೇ ಪರವಾನಗಿ ಕೊಡುತ್ತದೆ. ಗ್ಲೆನ್ ಬಿಲ್ಲು ಬಾಣದಲ್ಲಿ ಹೊಡೆಯುವವನು. ಬಿಲ್ಲಿಗೆ ಜಿಂಕೆ ತೀರಾ ಹತ್ತಿರ ಬರಬೇಕು. ಹತ್ತಿರ ಬರಬೇಕಾದರೆ ಅದಕ್ಕೆ ಮನುಷ್ಯನ ವಾಸನೆ ಸಿಗಬಾರದು. ಹಾಗಾಗಿ ಆ ಮನೆಯಲ್ಲಿ ಎಲ್ಲವೂ ವಾಸನೆಯ ಮೇಲೆಯೇ ನಡೆಯುತ್ತಿತ್ತು.

"ನಮ್ಮಲ್ಲಿ ಅಯ್ಯಪ್ಪನ ಮಾಲೆ ಹಾಕುದಿಲ್ವಾ? ಹಾಗೆ ಅಂತ ತಿಳ್ಕೊ," ಎಂದಳು ಲೀಲಾ.

ಮಾಲೆ ಹಾಕಿದವರಾದರೂ ನಲವತ್ತೊಂದು ದಿನಕ್ಕೆ ಬಿಡುತ್ತಾರೆ. ಗ್ಲೆನ್ ಸೀಸನ್ನಿಗೆ ಎರಡು ತಿಂಗಳು ಮೊದಲೇ ಸುರು ಮಾಡಿದ್ದನಂತೆ. ಹೊಸ ಬೇಟೆ ಕೋಟನ್ನು ಐದು ಸಲ ಒಗೆದು, ಹಿತ್ತಲಿನ ತಂತಿಯಲ್ಲಿ ಹದಿನೈದು ದಿನ ಗಾಳಿಗೆ ಬಿಟ್ಟಿದ್ದ. ಒಗೆಯುವುದಕ್ಕೆ ಪರಿಮಳವಿಲ್ಲದ ಸೋಪು ಅಥವಾ ಅಡುಗೆ ಸೋಡಾ. ಅದಕ್ಕೂ ಮೊದಲು ಬರೀ ಸೋಡಾ ಹಾಕಿ ಖಾಲಿ ಮಿಷನ್ನನ್ನು ಒಂದು ಸಲ ತಿರುಗಿಸಿ, ಲೀಲಾಳ ಪರಿಮಳದ ಪೌಡರಿನ ಪಾಪವನ್ನು ಕಳೆಯಬೇಕು. ಒಣಗಿದ ಬಟ್ಟೆಯನ್ನು ಬರಿಗೈಯಲ್ಲಿ ಮುಟ್ಟುವಂತಿಲ್ಲ, ಕೈಗೆ ಗವಸು ಹಾಕಬೇಕು. ಅದನ್ನು ಉಟ್ಟು ಮನೆಯೊಳಗೆ ನಡೆಯುವಂತಿಲ್ಲ, ಗಾಡಿಯಲ್ಲಿ ಕೂರುವಂತಿಲ್ಲ, ಪೆಟ್ರೋಲ್ ಪಂಪಿನ ಹತ್ತಿರ ಸುಳಿಯುವಂತಿಲ್ಲ. ಕಾಡಿನ ಬಾಯಿಗೆ ಹೋದ ಮೇಲೆಯೇ ಚಳಿಯಲ್ಲಿ ನಡುಗುತ್ತಾ ಉಡಬೇಕು. ಎರಡು ಸಲ ಉಟ್ಟರೆ ಪುನಃ ಒಗೆತ.

ನಮ್ಮ ತವರಿನ ನೆರೆಯಲ್ಲಿ ಭಟ್ಟರ ಮನೆಯೊಂದಿತ್ತು. ಅವರ ಅಮ್ಮ ಮಡಿ ಸೀರೆಯನ್ನು ಎತ್ತರದ ಬಿದಿರಿಗೆ ಒಣಹಾಕಿ, ಕೋಲಿನಿಂದ ತೆಗೆದು ಉಡುತ್ತಿದ್ದರು. ನಾವು ಮಕ್ಕಳು ಬೇಕೆಂದೇ ಹತ್ತಿರ ಹೋಗಿ ಬೈಸಿಕೊಳ್ಳುತ್ತಿದ್ದೆವು. ಆ ಅಜ್ಜಿಗೆ ಗ್ಲೆನ್‌ನನ್ನು ತೋರಿಸಬೇಕಿತ್ತು. ತನ್ನ ಮಡಿ ಬಹಳ ಸಡಿಲವಾಯಿತೆಂದು ಕೊರಗುತ್ತಿದ್ದರು.

ಒಗ್ಗರಣೆ ಮನೆಯೊಳಗೆ ನಿಷೇಧ. ಮೊದಲ ದಿನ ಹುರುಳಿ ಸಾರಿಗೆ ಬೆಳ್ಳುಳ್ಳಿ ಒಗ್ಗರಣೆ ಹಾಕಿದೆ. ಮಾಡಿನಲ್ಲಿದ್ದ ಹೊಗೆಯ ಗಂಟೆ ಕಿರುಚಿಕೊಂಡಿತು. ಗ್ಲೆನ್ ಓಡಿ ಬಂದು ಕಿಟಕಿ ತೆಗೆಯಲಿಲ್ಲ, ಬಟ್ಟೆಯ ಕೋಣೆಯ ಬಾಗಿಲು ಮುಚ್ಚಿದ. "ಅಕ್ಕ, ಬೇಡ, ಬೇಡ" ಎಂದ. ಮರುದಿನದಿಂದ ಒಗ್ಗರಣೆಯ ಸೌಟು ಹಿಡಿದು ನಾನು ಹಿತ್ತಲಿನ ಚಳಿಗೆ ಹೋದೆ. ಆ ದೇಶದಲ್ಲಿ ಕೋಟು, ಟೊಪ್ಪಿ, ಕಾಲುಚೀಲ ಎಲ್ಲ ಹಾಕಿಕೊಂಡು ಸಾಸಿವೆ ಸಿಡಿಸಿದವಳು ನಾನೊಬ್ಬಳೇ ಇರಬೇಕು.

ಗ್ಲೆನ್‌ನ ಬೂಟು ನೋಡಿ ನನಗೆ ನಗು ತಡೆಯಲಾಗಲಿಲ್ಲ. ರಬ್ಬರಿನದು. ಚರ್ಮದ ಬೂಟು ವಾಸನೆ ಹಿಡಿಯುತ್ತದೆ, ರಬ್ಬರಿಗೆ ವಾಸನೆಯೇ ಇಲ್ಲ ಎಂದು ಲೀಲಾಳ ಮೂಲಕ ಪಾಠ ಹೇಳಿದ. ರಬ್ಬರಿಗೆ ವಾಸನೆ ಇಲ್ಲವಂತೆ!

"ಭಾವ ಇರ್ಬೇಕಿತ್ತು ಇದನ್ನು ಕೇಳ್ಲಿಕ್ಕೆ," ಎಂದಳು ಲೀಲಾ. ಎಂದವಳು ತಕ್ಷಣ ಎದ್ದು ಪಾತ್ರೆ ತೊಳೆಯಲು ಹೋದಳು. ನಾನು ಬಂದ ಮೇಲೆ ಅವಳು ಇವರ ಮಾತೆತ್ತಿದ್ದು ಅದೇ ಮೊದಲು.

ಬೇಲಿಯ ಅಂಗಿಯ ಕತೆಯನ್ನು ನಾನು ಗ್ಲೆನ್‌ಗೆ ಹೇಳಿದೆ. ನಮ್ಮಲ್ಲಿ ಪ್ರಾಣಿ ದೂರ ಹೋಗಲಿ ಎಂದು ಕೊಳೆ ಬಟ್ಟೆ ಕಟ್ಟುತ್ತೇವೆ, ನೀನು ಹತ್ತಿರ ಬರಲಿ ಎಂದು ಒಗೆಯುತ್ತೀ. ಅವನು ಗಡ್ಡ ಕೆರೆದುಕೊಂಡು ಒಂದು ಪ್ರಶ್ನೆ ಕೇಳಿದ. ಲೀಲಾ ನಕ್ಕು ನಕ್ಕು ನಮ್ಮ ಭಾಷೆಗೆ ತಿರುಗಿಸಿದಳು: "ಒಂದು ಅಂಗಿ ಎಷ್ಟು ದಿನ ಬರ್ತದೆ ಅಂತ ಕೇಳುದು."

ಮಳೆ ಬಾರದಿದ್ದರೆ ಒಂದು ವಾರ ಎಂದೆ. ಕವರಿನೊಳಗಿದ್ದರೆ ಒಂಬತ್ತು ತಿಂಗಳು ಎಂದು ಹೇಳಲಿಲ್ಲ. ಅಂಗಿ ತಂದ ವಿಷಯ ಲೀಲಾಳಿಗೂ ಗೊತ್ತಿರಲಿಲ್ಲ.

ಬಟ್ಟೆಯ ಕೋಣೆ, ಸೋಮವಾರ

ನನಗೆ ಕೊಟ್ಟ ಕೋಣೆಯಲ್ಲಿ ನೆಲದಿಂದ ಬಿಸಿಗಾಳಿ ಬರುತ್ತಿತ್ತು. ಲೀಲಾ ಗ್ಲೆನ್‌ಗೆ ಕಾಣದಂತೆ ಅಲ್ಲಿ ಪರಿಮಳದ ಮೇಣದಬತ್ತಿ ಬೇರೆ ಇಟ್ಟಿದ್ದಳು. ಕವರು ಹರಿದಿತ್ತು. ಒಂದು ವಾರ ಕಳೆದು ಅಂಗಿ ಮೂಸಿದರೆ ಇವರ ಜೊತೆ ಸಂಪಿಗೆ ಹೂವೂ ಬಂದಂತಾಯಿತು. ಬದುಕಿರುವಾಗ ಒಮ್ಮೆಯೂ ಪೌಡರ್ ಹಾಕದವರು. ನನಗೆ ಗಾಬರಿಯಾಯಿತು. ಹೀಗೇ ಬಿಟ್ಟರೆ ಊರಿಗೆ ಹೋಗುವಷ್ಟರಲ್ಲಿ ಏನೂ ಉಳಿಯುವುದಿಲ್ಲ.

ಬಟ್ಟೆಯ ಕೋಣೆಯಲ್ಲಿ ಗ್ಲೆನ್‌ನ ಮಡಿ ಪೆಟ್ಟಿಗೆ ಇತ್ತು. ದೊಡ್ಡ ಪ್ಲಾಸ್ಟಿಕ್ ಪೆಟ್ಟಿಗೆ, ಮುಚ್ಚಳಕ್ಕೆ ಸುತ್ತಲೂ ರಬ್ಬರಿನ ಪಟ್ಟಿ, ನಾಲ್ಕು ಕಡೆ ಕೊಂಡಿ. ಒಳಗೆ ಬೇಟೆ ಕೋಟು, ಪ್ಯಾಂಟು, ಟೊಪ್ಪಿ. ಅಡಿಯಲ್ಲಿ ಆ ಕಾಡಿನದೇ ಪೈನ್ ಸೊಪ್ಪು, ಬಟ್ಟೆಗೆ ಕಾಡಿನ ವಾಸನೆ ಹಿಡಿಯಲೆಂದು. ಅದರ ನಡುವೆ ಒಂದು ಕಪ್ಪು ಬಟ್ಟೆಯ ಚೀಲ. "ಹೊರಗಿನ ವಾಸನೆ ಒಳಗೆ ಹೋಗುವುದಿಲ್ಲ, ಒಳಗಿನದು ಹೊರಗೆ ಬರುವುದಿಲ್ಲ" ಎಂದು ಅವನು ಮೊದಲ ದಿನವೇ ಮುಚ್ಚಳಕ್ಕೆ ತಟ್ಟಿ ಹೇಳಿದ್ದ. ತನ್ನ ಮನೆಯ ಗೋದ್ರೇಜ್ ಕಪಾಟು ತೋರಿಸುವವರ ಹಾಗೆ.

ಸೋಮವಾರ ಇಬ್ಬರೂ ಕೆಲಸಕ್ಕೆ ಹೋದ ಮೇಲೆ ನಾನು ಗವಸು ಹಾಕಿಕೊಂಡೆ. ನಾನೂ ನಿಯಮ ತಪ್ಪಿಸಿಲ್ಲ. ನಾಲ್ಕು ಕೊಂಡಿ ತೆಗೆದು, ಸೊಪ್ಪು ಸರಿಸಿ, ಹರಿದ ಕವರಿನ ಸಮೇತ ಅಂಗಿಯನ್ನು ತಳದಲ್ಲಿ ಮಲಗಿಸಿದೆ. ಅಲುಗಾಡದಿರಲಿ ಎಂದು ಆ ಕಪ್ಪು ಚೀಲವನ್ನು ಅದರ ಮೇಲೆ ಒತ್ತಿಟ್ಟೆ. ಚೀಲ ಯಾಕಿರಬಹುದು ಎಂದು ಯೋಚಿಸಿದೆ. ನಾವು ಟ್ರಂಕಿಗೆ ನುಸಿಗುಳಿಗೆ ಹಾಕುವುದಿಲ್ಲವೇ, ಹಾಗೆ ತೇವಕ್ಕೋ ಹುಳಕ್ಕೋ ಇರಬೇಕು ಎಂದುಕೊಂಡೆ.

ಅವನ ಮಡಿಗೆ ಮೈಲಿಗೆಯಾಗುತ್ತದೆ ಎಂಬುದು ಹೊಳೆಯಲಿಲ್ಲವೇ ಎಂದು ನೀವು ಕೇಳಬಹುದು. ಹೊಳೆಯಿತು. ಕವರು ಇದೆಯಲ್ಲ, ಸೊಪ್ಪು ಇದೆಯಲ್ಲ ಎಂದು ಸಮಾಧಾನ ಮಾಡಿಕೊಂಡೆ. ಸತ್ಯ ಹೇಳಬೇಕೆಂದರೆ ಅವನ ಜಿಂಕೆಗಿಂತ ನನಗೆ ಅಂಗಿ ದೊಡ್ಡದಾಗಿತ್ತು.

ಕಾಡು, ಶನಿವಾರ ಬೆಳಿಗ್ಗೆ

ಹಂದಿಯ ಕತೆ ಹೇಳಿದ ಮೇಲೆ ಗ್ಲೆನ್ ನನ್ನನ್ನು ತನ್ನ ಜಾತಿಯವಳೆಂದು ತೀರ್ಮಾನಿಸಿದ್ದ. ಶನಿವಾರ ಅಕ್ಕನೂ ಕಾಡಿಗೆ ಬರಬೇಕೆಂದ. ಅದಕ್ಕಾಗಿ ನಾನು ಮೂರು ದಿನ ತಲೆಗೆ ಎಣ್ಣೆ ಹಾಕಲಿಲ್ಲ, ಬೆಳ್ಳುಳ್ಳಿ ತಿನ್ನಲಿಲ್ಲ. ವಾಸನೆಯಿಲ್ಲದ ಸೋಪಿನಲ್ಲಿ ಮಿಂದೆ. ಮಿಂದಂತೆಯೇ ಆಗಲಿಲ್ಲ. ಲೀಲಾಳ ಹಳೆಯ ಬೇಟೆ ಕೋಟು ನನಗೆ ಬೇರೆ ಚೀಲದಲ್ಲಿ ಸಿದ್ಧವಾಗಿತ್ತು. ಲೀಲಾ ಪಿಕಪ್ ಗಾಡಿಯಲ್ಲೇ ಕೂರುವವಳು.

"ನನ್ನ ಕೈಗೆ ಕ್ರೀಮ್ ಹಾಕದೆ ಇರ್ಲಿಕ್ಕೆ ಆಗುದಿಲ್ಲ. ನೀವಿಬ್ರು ಹೋಗಿ ಮರದ ಹಾಗೆ ಕೂತ್ಕೊಳ್ಳಿ," ಎಂದಳು.

ಕಾಡಿನ ಬಾಯಿಯಲ್ಲಿ ಇನ್ನೂ ಮಬ್ಬು. ಗಾಡಿಯ ಹಿಂದೆ ಗ್ಲೆನ್ ಪೆಟ್ಟಿಗೆ ತೆರೆದು ಮೇಲಿನಿಂದ ಬಟ್ಟೆ ಎತ್ತಿಕೊಂಡ. ಅಡಿಯ ಸೊಪ್ಪನ್ನು ಮುಟ್ಟಲಿಲ್ಲ. ಅವನಿಗೆ ನೆಗಡಿ, ಮೂಗು ಸೋರುತ್ತಿತ್ತು. ಬಚಾವಾದೆ ಎಂದುಕೊಂಡೆ.

ಅವನು ಸಣ್ಣ ಸೀಸೆಯಿಂದ ಬಿಳಿ ಪುಡಿ ಊದಿ ಗಾಳಿಯ ದಿಕ್ಕು ನೋಡಿದ. ಗಾಳಿ ನಮ್ಮ ಮುಖಕ್ಕೆ ಬರಬೇಕು, ಬೆನ್ನಿಗೆ ಬರಬಾರದು. ಅರ್ಧ ಗಂಟೆ ನಡೆದು ಒಂದು ಬಿದ್ದ ಮರದ ಹಿಂದೆ ಎರಡು ಮಡಚುವ ಸ್ಟೂಲು ಹಾಕಿದ. ಕುಳಿತೆವು.

ಆ ಕಾಡಿನಲ್ಲಿ ಜೀರುಂಡೆ ಇಲ್ಲ, ಜಿಗಣೆ ಇಲ್ಲ. ನಮ್ಮ ಸುಬ್ರಹ್ಮಣ್ಯದ ಕಡೆಯ ಕಾಡು ಏನಾದರೊಂದು ಮಾತಾಡುತ್ತಲೇ ಇರುತ್ತದೆ. ಇದು ನಾದಿನಿಯರು ಮುನಿಸಿಕೊಂಡ ಮನೆಯ ಹಾಗೆ ಸುಮ್ಮನಿತ್ತು. ಬಿಸಿಲು ಏರಿತು. ಗ್ಲೆನ್‌ನ ಕೋಟು ನಡೆದ ಬಿಸಿಗೆ ಸ್ವಲ್ಪ ಬೆಚ್ಚಗಾಗಿರಬೇಕು.

ಆಗ ಬಂತು. ಮೊದಲು ಹುಳಿ, ಆಮೇಲೆ ಹೊಗೆ.

ನಾನು ತಿರುಗಿ ನೋಡಿದೆ. ಕೆಂಪು ಗಡ್ಡದ ಗ್ಲೆನ್ ಕುಳಿತಿದ್ದ. ಮುಂದೆ ನೋಡಿದೆ. ಪಕ್ಕದಲ್ಲಿ ಇವರು ಕುಳಿತಿದ್ದರು. ಬೆಳ್ಳಾರೆಯ ಬಸ್ಸಿನಲ್ಲಿ ನಾನು ಯಾವತ್ತೂ ಹೋಗಿ ಕೂರದ ಆ ಪಕ್ಕದ ಸೀಟಿನಲ್ಲಿ ಈಗ ಕುಳಿತಿದ್ದೆ.

ಹೇಳಬೇಕಿತ್ತು. ಕೋಟು ಕೆಟ್ಟಿದೆ, ವಾಪಸ್ ಹೋಗೋಣ ಎನ್ನಬೇಕಿತ್ತು. ಅವನಿಗೆ ಗೊತ್ತಿದ್ದ ಮೂರು ಶಬ್ದದಲ್ಲಿ ಒಂದು 'ಬೇಡ' ಇತ್ತು, ಅದನ್ನಾದರೂ ಹೇಳಬಹುದಿತ್ತು. ನಾನು ಸ್ಟೂಲನ್ನು ನಾಲ್ಕು ಬೆರಳು ಅವನ ಕಡೆಗೆ ಸರಿಸಿ ಸುಮ್ಮನೆ ಕುಳಿತೆ. ಎರಡು ಗಂಟೆ ಕುಳಿತೆ. ಒಂಬತ್ತು ತಿಂಗಳಲ್ಲಿ ಅಷ್ಟು ನೆಮ್ಮದಿಯಾಗಿ ನಾನು ಎಲ್ಲಿಯೂ ಕುಳಿತಿರಲಿಲ್ಲ.

ಜಿಂಕೆ ಬಂದದ್ದು ನನಗೆ ಗೊತ್ತಾಗಲಿಲ್ಲ. ಗ್ಲೆನ್‌ನ ಕೈ ನಿಧಾನವಾಗಿ ಬಿಲ್ಲಿಗೆ ಹೋದಾಗ ನೋಡಿದೆ. ಗಂಡು, ಕವಲು ಕೊಂಬು, ನಮ್ಮ ಅಂಗಳದಷ್ಟು ದೂರ. ತಲೆ ತಗ್ಗಿಸಿ ಏನೋ ತಿನ್ನುತ್ತಾ ಹತ್ತಿರ ಹತ್ತಿರ ಬಂತು. ಗ್ಲೆನ್ ಬಿಲ್ಲಿನ ಹಗ್ಗ ಎಳೆಯಲಾರಂಭಿಸಿದ. ಅಷ್ಟರಲ್ಲಿ ಗಾಳಿ ತಿರುಗಿತು. ನನ್ನ ಕುತ್ತಿಗೆಯ ಹಿಂದೆ ತಣ್ಣಗಾದಾಗ ತಿಳಿಯಿತು.

ಜಿಂಕೆ ತಲೆ ಎತ್ತಿತು. ಮೂಗು ಅರಳಿಸಿತು. ಒಂದು ಕಾಲಿನಿಂದ ನೆಲ ಕುಟ್ಟಿತು. ಆ ಕ್ಷಣದಲ್ಲಿ ಅದರ ಮೂಗಿನ ತುಂಬ ಇವರಿದ್ದರು. ಆಮೇಲೆ ಮೂಗಿನಿಂದ ಒಂದು ಸೀಟಿ ಹೊಡೆದು, ಬಾಲದ ಬಿಳಿಯನ್ನು ಎತ್ತಿ ತೋರಿಸಿ, ಮೂರು ನೆಗೆತಕ್ಕೆ ಕಾಡಿನೊಳಗೆ ಮಾಯವಾಯಿತು. ಹಂದಿ ಓಡುವುದನ್ನು ನಾನು ನೋಡಿದ್ದೇನೆ. ಇಷ್ಟು ಚಂದದಲ್ಲಿ ಅಲ್ಲ.

ಗ್ಲೆನ್ ಬಿಲ್ಲು ಇಳಿಸಿದ. ಪುಡಿ ಊದಿ ನೋಡಿದ. ಮೂಗಿನ ಸಿಂಬಳ ತೆಗೆದು ಸ್ವಚ್ಛ ಮಾಡಿ ತನ್ನ ತೋಳನ್ನು ಮೂಸಿದ. ಇನ್ನೊಮ್ಮೆ ಮೂಸಿದ. ಆಮೇಲೆ ನನ್ನ ಕಡೆ ನೋಡಿದ.

"ಅಕ್ಕ?"

ಪಿಕಪ್ ಗಾಡಿಯ ಹಿಂದೆ

ಲೀಲಾ ಕಾಫಿ ಕುಡಿಯುತ್ತಾ ಕುಳಿತಿದ್ದಳು. ಗ್ಲೆನ್ ಕೈ ಆಡಿಸಿ ಆಡಿಸಿ ಹೇಳಿದ.

"ಎಂತದೋ ವಿನೆಗರ್ ವಾಸನೆ ಅಂತ ಹೇಳ್ತಾನೆ. ಹೊಗೆ ಬೇರೆ ಉಂಟಂತೆ. ಅಕ್ಕ, ನೀನು ಮಿಷನ್ನಿಗೆ ಎಂತದಾದ್ರು ಹಾಕಿದ್ದಾ?"

"ಮಿಷನ್ನಿಗೆ ಅಲ್ಲ," ಎಂದೆ. "ಪೆಟ್ಟಿಗೆಗೆ."

"ಪೆಟ್ಟಿಗೆಗೆ ಎಂತ?"

ನಾನು ಉತ್ತರಿಸುವ ಮೊದಲೇ ಅವಳು ಗಂಡನ ಕೋಟಿನ ತೋಳು ಹಿಡಿದೆಳೆದು ಮೂಗಿಗೆ ಇಟ್ಟುಕೊಂಡಳು. ಕಾಫಿ ಲೋಟ ಕೈಯಿಂದ ಜಾರಿ ಬಿತ್ತು.

"ಭಾವ!" ಎಂದಳು.

ಆಮೇಲೆ ಆ ಕೋಟಿನೊಳಗೆ ಮುಖ ಹುದುಗಿಸಿ ಅತ್ತಳು. ಸದ್ದು ಮಾಡಿಯೇ ಅತ್ತಳು. ಒಂಬತ್ತು ತಿಂಗಳ ಹಿಂದೆ ಅಳಬೇಕಾಗಿದ್ದದ್ದು. ಪಾಪ ಗ್ಲೆನ್ ಎರಡು ಕೈ ಅಗಲಿಸಿ ನಿಂತಿದ್ದ. ತಬ್ಬಿಕೊಂಡರೆ ಕ್ರೀಮಿನ ವಾಸನೆ ಕೋಟಿಗೆ ಹಿಡಿಯುತ್ತದಲ್ಲ ಎಂದು ಕ್ಷಣ ಅನುಮಾನಿಸಿರಬೇಕು. ಆಮೇಲೆ ತಬ್ಬಿದ. ವ್ರತ ಮುರಿಯಿತು.

"ಈ ನಾತ ಮಾರಾಯ್ತಿ," ಲೀಲಾ ಮೂಗು ಒರೆಸಿಕೊಳ್ಳುತ್ತಾ ಹೇಳಿದಳು, "ಈ ನಾತಕ್ಕೆ ನಾನು ನಿಮ್ಮ ಮನೆಗೆ ಬಂದ್ರೆ ಜಗಲಿಯಲ್ಲೇ ಕೂರ್ತಿದ್ದದ್ದು. ಒಂದು ದಿನ ಭಾವನ ಎದುರೇ ಹೇಳಿದ್ದೆ ಗೊತ್ತುಂಟಾ?"

"ಗೊತ್ತುಂಟು. ಅವರು ಎರಡು ವರ್ಷ ಅದನ್ನೇ ಎಲ್ಲರ ಹತ್ರ ಹೇಳಿ ನಗಾಡಿದ್ರು."

ನಾನು ಎಲ್ಲ ಹೇಳಿದೆ. ಮೊಳೆ, ಕವರು, ನಾಯಿ, ಬಿಸಿಗಾಳಿ. ಲೀಲಾ ಒಂದೊಂದನ್ನೇ ತಿರುಗಿಸಿದಳು. ಗ್ಲೆನ್ ಬೈಯುತ್ತಾನೆ ಎಂದು ಕಾದೆ. ಅವನು ಪೆಟ್ಟಿಗೆಯ ಹತ್ತಿರ ಹೋಗಿ ಸೊಪ್ಪು ಸರಿಸಿದ. ಕಪ್ಪು ಚೀಲವನ್ನು ನೋಡಿ ಅವನ ಮುಖ ಬದಲಾಯಿತು. ಲೀಲಾಳಿಗೆ ಮೆಲ್ಲಗೆ ಏನೋ ಹೇಳಿದ. ಅವಳು ನನಗೆ ತಿರುಗಿಸಲಿಲ್ಲ.

"ಎಂತ ಹೇಳಿದ? ಹೇಳೇ."

"ಅದು ಇದ್ದಿಲಿನ ಚೀಲ ಅಕ್ಕ. ವಾಸನೆ ಎಳೀಲಿಕ್ಕೆ ಇಡುದು."

ಅನ್ನ ಸೀದು ಹೋದರೆ ನಮ್ಮ ಅಮ್ಮ ಪಾತ್ರೆಯೊಳಗೆ ಒಂದು ತುಂಡು ಇದ್ದಿಲು ಇಡುತ್ತಿದ್ದಳು. ಸೀದ ವಾಸನೆಯನ್ನು ಅದು ಎಳೆದುಕೊಳ್ಳುತ್ತಿತ್ತು. ನನಗೂ ಲೀಲಾಳಿಗೂ ಬುದ್ಧಿ ತಿಳಿದಾಗಿನಿಂದ ಗೊತ್ತಿದ್ದ ವಿಷಯ. ಆ ಚೀಲವನ್ನು ಅಂಗಿಯ ಮೇಲೆ ಒತ್ತಿಟ್ಟವಳು ನಾನೇ.

ಅಂಗಿ ತೆಗೆದು ಮೂಸಿದೆ. ಕುತ್ತಿಗೆಪಟ್ಟಿ ಮೂಸಿದೆ, ಕಂಕುಳು ಮೂಸಿದೆ. ಪೈನ್ ಸೊಪ್ಪಿನ ವಾಸನೆ ಬಂತು. ಬೇರೆ ಏನೂ ಇರಲಿಲ್ಲ.

ಬಚ್ಚಲು, ಭಾನುವಾರ

ಉಳಿದದ್ದು ಗ್ಲೆನ್‌ನ ಕೋಟಿನಲ್ಲಿ ಹಿಡಿದದ್ದು ಮಾತ್ರ. ಅವನು ಮನೆಗೆ ಬಂದವನೇ ಅದನ್ನು ಬಿಚ್ಚಿ, ಹೊಸ ಚೀಲಕ್ಕೆ ಹಾಕಿ, ಅಂಟುಪಟ್ಟಿ ಸುತ್ತಿ ನನ್ನ ಕೈಗೆ ಕೊಟ್ಟ. "ಅಕ್ಕ," ಎಂದ. ನೀನೇ ಇಟ್ಟುಕೋ ಎಂದು ಅರ್ಥ. ಸೀಸನ್ ಇನ್ನೂ ಮೂರು ವಾರ ಇತ್ತು. ಐದು ಸಲ ಒಗೆದು ಹದಿನೈದು ದಿನ ಗಾಳಿಗೆ ಬಿಟ್ಟು ಒಗ್ಗಿಸಿದ ಕೋಟು ಅದೊಂದೇ. ಹಳೆಯ ರೈನ್‌ಕೋಟು ಹಾಕಿ ಹೋಗುತ್ತೇನೆ ಎಂದನಂತೆ. ಅದು ನಡೆದರೆ ಹಂಚಿನ ಮೇಲೆ ಮಳೆ ಬಿದ್ದ ಹಾಗೆ ಸದ್ದು ಮಾಡುತ್ತಿತ್ತು.

ಆ ಚೀಲವನ್ನು ಮಡಿಲಲ್ಲಿ ಇಟ್ಟುಕೊಂಡು ಭಾನುವಾರ ಬೆಳಿಗ್ಗೆವರೆಗೆ ಯೋಚಿಸಿದೆ. ಒಂದು ಸಲ ಬಿಚ್ಚಿ ಮೂಸಿದೆ. ಇವರಿದ್ದರು, ಆದರೆ ನೆಗಡಿ ಹಿಡಿದ ಗ್ಲೆನ್ ಕೂಡ ಇದ್ದ. ಲೀಲಾಳ ಕ್ರೀಮ್ ಇತ್ತು. ಕಾಫಿ ಇತ್ತು. ಬಿಚ್ಚಿದಷ್ಟೂ ಇವರು ಕಡಿಮೆಯಾಗುತ್ತಾರೆ, ಉಳಿದವರು ಹೆಚ್ಚಾಗುತ್ತಾರೆ. ಬಿಚ್ಚದಿದ್ದರೆ ಇಟ್ಟುಕೊಂಡು ಏನು?

ಕೋಟನ್ನು ಮಿಷನ್ನಿಗೆ ಹಾಕಲಿಲ್ಲ. ಬಚ್ಚಲಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, ಸೋಡಾ ಹಾಕಿ, ಕೈಯಲ್ಲೇ ತಿಕ್ಕಿ, ನಾಲ್ಕು ನೀರಿನಲ್ಲಿ ಜಾಲಿಸಿದೆ. ಇವರ ಬಟ್ಟೆಯನ್ನು ಮೂವತ್ತೊಂದು ವರ್ಷ ಒಗೆದಿದ್ದೇನೆ, ಒಗೆಯುವಾಗೆಲ್ಲ ಬೈದಿದ್ದೇನೆ. ಆವತ್ತೂ ಸ್ವಲ್ಪ ಬೈದೆ. ಗವಸು ಹಾಕಿಕೊಂಡು ಹಿತ್ತಲಿನ ತಂತಿಗೆ ಹರವಿದೆ. ಗ್ಲೆನ್ ಕಿಟಕಿಯಿಂದ ನೋಡಿದವನು ಹೊರಗೆ ಓಡಿ ಬಂದ.

"ಬೇಡ, ಬೇಡ!"

"ಸಾಕು," ಎಂದೆ.

ಆ ವರ್ಷ ಅವನಿಗೆ ಜಿಂಕೆ ಸಿಗಲಿಲ್ಲ. ಹೆಚ್ಚಿನ ವರ್ಷ ಸಿಗುವುದಿಲ್ಲವಂತೆ. ಅವನಿಗೆ ಖುಷಿ ಇರುವುದು ಒಗೆಯುವುದರಲ್ಲಿ ಎಂದು ಲೀಲಾ ಹೇಳುತ್ತಾಳೆ.

ಮತ್ತೆ ಬೆಳ್ಳಾರೆ

ಬರುವಾಗ ಅದೇ ದೊಡ್ಡ ಪೆಟ್ಟಿಗೆ ತಂದೆ. ಯಾವ ನಾಯಿಯೂ ಅದರ ಎದುರು ಕೂರಲಿಲ್ಲ.

ನಾನಿಲ್ಲದ ಎರಡು ತಿಂಗಳಲ್ಲಿ ಹಂದಿಗಳು ಮರಗೆಣಸಿನ ಮೇಲಿನ ಅರ್ಧ ಮುಗಿಸಿದ್ದವು. ಕೆಳಗಿನ ಅರ್ಧ ಉಳಿದಿತ್ತು. ಬಂದ ಮರುದಿನ ಸಂಜೆ ಅಂಗಿಯನ್ನು ತೆಗೆದುಕೊಂಡು ಹೋಗಿ ಬೇಲಿಯ ಗೂಟಕ್ಕೆ ಕಟ್ಟಿದೆ. ಆ ಗುರುವಾರ ಇವರು ಕಟ್ಟಬೇಕಾಗಿದ್ದದ್ದು. ಐತ್ತಪ್ಪಣ್ಣ ಆಚೆ ಬದಿಯಿಂದ ನೋಡಿದರು.

"ಎಂತ ಅಕ್ಕ, ಒಗೆದ ಅಂಗಿ ಕಟ್ಟಿದ್ರೆ ಹಂದಿ ಹೆದರ್ತದಾ?"

"ಒಗೆದದ್ದಲ್ಲ," ಎಂದೆ.

ಬೆಳಿಗ್ಗೆ ಹೋಗಿ ನೋಡಿದೆ. ಅಂಗಿ ಕಟ್ಟಿದ ಹಾಗೇ ಇತ್ತು. ಗುಂಡಿ ಒಂದೂ ಹೋಗಿರಲಿಲ್ಲ. ಅದರ ಬುಡದಲ್ಲೇ ಹಂದಿ ಮಣ್ಣು ಕಿತ್ತು, ನಾಲ್ಕು ಬುಡ ಮರಗೆಣಸು ತಿಂದು, ಗೂಟಕ್ಕೆ ಮೈ ಉಜ್ಜಿ ಹೋಗಿತ್ತು. ಅಂಗಿಯ ತುದಿಗೆ ಅದರ ನಾಲ್ಕು ಕೂದಲು ಅಂಟಿಕೊಂಡಿದ್ದವು.

ಕೂದಲು ಬಿಡಿಸಿ, ಅಂಗಿ ಮಡಚಿ ಕಪಾಟಿನಲ್ಲಿಟ್ಟಿದ್ದೇನೆ. ಈಗ ಕವರು ಹಾಕಿಲ್ಲ. ಅಂಗಿ ಇದೆ, ರಬ್ಬರ್ ಹಾಲಿನ ಕಲೆಯೂ ಇದೆ. ಇವರ ವಾಸನೆ ಇಲ್ಲ.